ಏಕವಚನದ ಪ್ರಶ್ನೆ, ಬಹುವಚನದ ಉತ್ತರ

“ಇನ್ನೊಂದು ಸಲ ಓದಿ ಭಾವ, ನಿಧಾನಕ್ಕೆ,” ಎಂದಳು ಕರಡಮ್ಮ.

ಭಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿಕೊಂಡರು.

“ಶನಿವಾರ ಸಂಜೆ, ನಾಲ್ಕು ಹತ್ತು. ಮ್ಯಾನೇಜರ್ ಬರೆದದ್ದು: ‘ಚಂದ್ರನನ್ನು ಇಳಿಸುವ ತಂತಿ ಸರಿಯಾಗಿದೆಯೇ? ಇವತ್ತು ಬಳಸಬಹುದೇ?’ ಅದರ ಕೆಳಗೆ, ನಾಲ್ಕು ಇಪ್ಪತ್ತೈದು. ದೀಪದವನು ಬರೆದದ್ದು: ‘ನೋಡಿದೆ. ಸರಿಯಾಗಿವೆ. ಬಳಸಬಹುದು.’ ಅಷ್ಟೇ. ಮುಗೀತು.”

ಅಂದು ಸಂಜೆ ಏಳೂವರೆಗೆ ಆ ತಂತಿ ಕಳಚಿಕೊಂಡು, ಹಲಗೆಯ ಚಂದ್ರನ ಮೇಲೆ ಕೂತು ಇಳಿಯುತ್ತಿದ್ದ ನಟಿ ಎರಡಾಳೆತ್ತರದಿಂದ ರಂಗದ ಮೇಲೆ ಬಿದ್ದಿದ್ದಳು. ನಾಲ್ಕು ದಿನವಾದರೂ ಆಸ್ಪತ್ರೆಯಲ್ಲಿ ಅವಳು ಕಣ್ಣು ಬಿಟ್ಟಿರಲಿಲ್ಲ. ಮೂವತ್ತೊಂದು ವರ್ಷದಿಂದ ಅದೇ ರಂಗಮಂದಿರದ ದೀಪ, ಹಗ್ಗ, ರಾಟೆಗಳನ್ನು ನೋಡಿಕೊಂಡಿದ್ದ ದೀಪದವನು ಈ ಒಂದು ಹಾಳೆಯ ಬಲದ ಮೇಲೆ ಪೊಲೀಸ್ ಠಾಣೆಯಲ್ಲಿ ಕೂತಿದ್ದ.

ಅವನ ಹೆಂಡತಿ ಎದುರಿನ ಬೆಂಚಿನ ತುದಿಯಲ್ಲಿ, ಮನೆಯ ಕಂಪ್ಯೂಟರನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

“ನಾಳೆ ಹತ್ತೂವರೆಗೆ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ,” ಎಂದಳು. “ತಂತಿ ಬಗ್ಗೆ ನನ್ನನ್ನ ಯಾರೂ ಕೇಳಲೇ ಇಲ್ಲ ಅಂತಾರಮ್ಮ ನಮ್ಮನೆಯವರು. ಬೇರೆ ಏನೋ ಕೇಳಿದ್ರು, ಅದಕ್ಕೆ ಬರೆದೆ ಅಂತಾರೆ. ಏನು ಕೇಳಿದ್ರು ಅಂದ್ರೆ, ದಿನಕ್ಕೆ ಇಪ್ಪತ್ತು ಕೇಳ್ತಾರೆ, ಯಾವುದು ಅಂತ ನೆನಪಿಟ್ಟುಕೊಳ್ಳಲಿ ಅಂತಾರೆ.”

ಕರಡಮ್ಮ ಹಾಳೆಯಿಂದ ಕಣ್ಣು ಕೀಳಲಿಲ್ಲ. ಇಪ್ಪತ್ತೆರಡು ವರ್ಷ ದಿನಪತ್ರಿಕೆಯೊಂದರಲ್ಲಿ ಕರಡು ತಿದ್ದಿದವಳು ಅವಳು. ಊರಿನವರ ತಪ್ಪನ್ನೆಲ್ಲ ಹೆಕ್ಕಿ ಹೆಕ್ಕಿ ಅದೇ ಕಸುಬಾಗಿ, ಪತ್ರಿಕೆ ಮುಚ್ಚಿದ ಮೇಲೆ ಸೈಕಲ್ ಅಂಗಡಿಯ ಮೇಲಿನ ಈ ಒಂದೂವರೆ ಕೋಣೆಗೆ ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡಿದ್ದಳು. ಕರಡಮ್ಮ ಎಂಬ ಹೆಸರು ಅಚ್ಚಿನ ಮನೆಯವರು ಇಟ್ಟದ್ದು. ಅಕ್ಕನ ಗಂಡ ಮಾತ್ರ ಅದನ್ನು ಮೊಟಕು ಮಾಡಿ, ಬೇಕೆಂದೇ ತಪ್ಪಾಗಿ, ‘ಕರಡಿ’ ಎನ್ನುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದ ಅವರಿಗೆ ತಂತಿ ಇರುವ ಯಾವ ವಸ್ತು ಕಂಡರೂ ಕೈ ಸುಮ್ಮನಿರುತ್ತಿರಲಿಲ್ಲ.

“ಏನು ಕಾಣ್ತು ಕರಡಿ? ಮೂಗು ಅರಳಿದೆ.”

“ಕೇಳಿರೋದು ಏಕವಚನ. ಉತ್ತರ ಬಹುವಚನ.”

“ಅಂದ್ರೆ?”

“ತಂತಿ ಸರಿಯಾಗಿದೆಯೇ ಅಂದ್ರೆ, ಸರಿಯಾಗಿದೆ ಅಂತ ಬರೀತಾರೆ. ಸರಿಯಾಗಿವೆ ಅಂತ ಯಾಕೆ ಬರೆದ? ಚಂದ್ರನಿಗೆ ಎಷ್ಟು ತಂತಿ?”

“ಒಂದೇ,” ಎಂದಳು ಹೆಂಡತಿ. “ನಡು ಮಧ್ಯಕ್ಕೆ ಒಂದು.”

“ತಂತಿ, ಚಂದ್ರ ಎರಡನ್ನೂ ಸೇರಿಸಿ ಹೇಳಿರಬಹುದಲ್ಲ,” ಎಂದರು ಭಾವ. ಮರುಕ್ಷಣ ತಾವೇ ತಲೆಯಾಡಿಸಿದರು. “ಇಲ್ಲ, ಹಾಗಾದ್ರೆ ಚಂದ್ರ ಚೆನ್ನಾಗಿದ್ದಾನೆ ಅಂತ ಮರ್ಯಾದೆಯಿಂದ ಬರೀಬೇಕಿತ್ತು.”

ಕರಡಮ್ಮ ನಗಲಿಲ್ಲ. ಹೆಂಡತಿಯ ಕಡೆ ತಿರುಗಿದಳು. “ನಿಮ್ಮ ಯಜಮಾನರು ಬರೆಯುವಾಗ ತಪ್ಪು ಮಾಡ್ತಾರಾ?”

“ಮಗಳ ಶಾಲೆಗೆ ರಜಾ ಚೀಟಿ ಬರೆದ್ರೂ ಮೂರು ಸಲ ಓದಿ ಕೊಡೋ ಮನುಷ್ಯ, ಅಮ್ಮ.”

“ಹಾಗಾದ್ರೆ ಆ ಹೊದಿಕೆ ಬಿಚ್ಚಿ.”

ಕಂಪ್ಯೂಟರ್ ಮೇಜಿಗೆ ಬಂತು. ದೀಪದವನ ಅಂಚೆ ಅದರಲ್ಲಿ ತೆರೆದೇ ಇತ್ತು. ಹೆಂಡತಿ ಬಸ್ಸಿನ ಹೊತ್ತಾಯಿತೆಂದು ಎದ್ದಳು. ಮಧ್ಯಾಹ್ನ ಮನೆಗೆ ಪೊಲೀಸರು ಬರುವವರಿದ್ದರು. ಹೊದಿಕೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು.

ಪರದೆಯ ಮೇಲೆ ಒಂದೇ ಒಂದು ಸಾಲು ದಪ್ಪಗೆ ಕಾಣುತ್ತಿತ್ತು. ‘ಇವತ್ತಿನ ಪ್ರದರ್ಶನ’. ಪಕ್ಕದಲ್ಲಿ ಒಂದು ಸಂಖ್ಯೆ: ಇನ್ನೂರ ಹದಿನಾಲ್ಕು.

“ಒಂದೇ ಪತ್ರಕ್ಕೆ ಇಷ್ಟು ದೊಡ್ಡ ನಂಬರಾ?”

“ಒಂದಲ್ಲ, ಒಂದು ಗೊಂಚಲು. ಇನ್ನೂರ ಹದಿನಾಲ್ಕು ಪತ್ರ ಒಂದರ ಮೇಲೊಂದು ಪೇರಿಸಿದೆ.” ಭಾವ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. “ಆ ಮ್ಯಾನೇಜರ್ ದಿನಾ ತಂಡದವರಿಗೆಲ್ಲ ಹೊಸ ಪತ್ರ ಬರೀತಾನೆ, ತಲೆಬರಹ ಮಾತ್ರ ದಿನಾ ಅದೇ. ಇವರೆಲ್ಲ ಅದಕ್ಕೆ ಉತ್ತರ ಕೊಡ್ತಾರೆ. ಉತ್ತರದ ಮುಂದೆ ‘ರೀ’ ಅಂತ ತಾನಾಗೇ ಸೇರ್ಕೊಳ್ಳುತ್ತೆ, ನಿಮ್ಮಕ್ಕ ನನ್ನನ್ನ ಕರೆಯೋ ಹಾಗೆ. ಎಷ್ಟು ಸಲ ‘ರೀ’ ಅಂದ್ರೂ ಈ ಪ್ರೋಗ್ರಾಂ ಕಿವಿಗೆ ಹಾಕ್ಕೊಳ್ಳಲ್ಲ. ಅದೂ ನನ್ನ ಹಾಗೇ. ‘ರೀ’ ತೆಗೆದುಹಾಕಿ ಉಳಿದ ತಲೆಬರಹ ನೋಡುತ್ತೆ. ಒಂದೇ ಆದ್ರೆ ಒಂದೇ ಮಾತುಕತೆ ಅಂತ ತೀರ್ಮಾನ ಮಾಡಿ, ಹೊತ್ತಿನ ಪ್ರಕಾರ ಜೋಡಿಸಿಬಿಡುತ್ತೆ.”

“ಮನೆಹೆಸರು ಒಂದೇ ಅಂತ ಒಂದೇ ಮನೆಯವರು ಅಂದುಕೊಂಡ ಹಾಗೆ.”

“ಹಾಗೇ. ಆದ್ರೆ ಒಳಗೆ ನಿಜವಾದ ವಂಶಾವಳಿ ಬೇರೆ ಇರುತ್ತೆ. ಅದನ್ನ ಯಾರೂ ತೆಗೆದು ನೋಡಲ್ಲ.”

ಅವರು ದೀಪದವನ ಉತ್ತರದ ಮೇಲೆ ಒತ್ತಿ, ಎಲ್ಲೋ ಮೂಲೆಯಲ್ಲಿದ್ದ ಪಟ್ಟಿಯಿಂದ ಒಂದು ಸಾಲನ್ನು ಆರಿಸಿದರು. ಮೂರು ಪದದ ಪತ್ರದ ಬೆನ್ನಿಗೆ ಮೂವತ್ತು ಸಾಲಿನ ಗೀಚು ಬಿಚ್ಚಿಕೊಂಡಿತು. ಅಂಕಿ, ಅಕ್ಷರ, ಅಡ್ಡಗೆರೆ.

“ಇದು ಲಕೋಟೆ,” ಎಂದರು ಭಾವ. “ಪ್ರತಿ ಪತ್ರಕ್ಕೂ ಹುಟ್ಟುವಾಗಲೇ ಒಂದು ನಂಬರ್ ಸಿಗುತ್ತೆ. ಒಬ್ಬರದ್ದು ಇನ್ನೊಬ್ಬರಿಗೆ ಇರಲ್ಲ. ಉತ್ತರ ಬರೆದ್ರೆ ಅದು ತನ್ನ ನಂಬರ್ ಜೊತೆಗೆ ಅಪ್ಪನ ನಂಬರನ್ನೂ ಹೊತ್ಕೊಂಡು ಹೋಗುತ್ತೆ. ಯಾರಿಗೆ ಉತ್ತರ ಅಂತ. ಮುಂದೆ ಅಜ್ಜ, ಮುತ್ತಜ್ಜ ಎಲ್ಲರದ್ದೂ.”

“ಈ ಉತ್ತರದ ಅಪ್ಪ ಯಾರು?”

“ರಂಗಮಂದಿರದ ಅಂಚೆಯ ಯಂತ್ರ, ಗಡಿಯಾರ ನೋಡಿ ನಂಬರ್ ಕೊಡುತ್ತೆ, ನಮ್ಮ ಪುಣ್ಯ. ತಂತಿ ಬಗ್ಗೆ ಕೇಳಿದ ಪತ್ರದ ನಂಬರ್ ನೋಡು. ಶನಿವಾರದ ತಾರೀಕು, ಆಮೇಲೆ ಒಂದು, ಆರು, ಒಂದು, ಸೊನ್ನೆ. ಹದಿನಾರು ಗಂಟೆ ಹತ್ತು ನಿಮಿಷ. ನಾಲ್ಕು ಹತ್ತು. ಸರೀನಾ?”

“ಸರಿ.”

“ಈಗ ದೀಪದವನ ಉತ್ತರ ಹೊತ್ಕೊಂಡಿರೋ ಅಪ್ಪನ ನಂಬರ್ ಓದು.”

ಕರಡಮ್ಮ ಪರದೆಗೆ ಬೆರಳು ತಾಗಿಸಿ ಒಂದೊಂದೇ ಅಂಕಿಯನ್ನು ಓದಿದಳು. ಅಚ್ಚಿನ ಮನೆಯ ಅಭ್ಯಾಸ, ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ. ಒಂದು, ಆರು, ಸೊನ್ನೆ, ಐದು.

“ನಾಲ್ಕು ಗಂಟೆ ಐದು ನಿಮಿಷ,” ಎಂದಳು. “ಬೇರೆ ಪತ್ರ.”

“ಬೇರೆ ಅಪ್ಪ.”

“ಅದನ್ನ ತೆಗೀರಿ, ಓದೋಣ.”

ಭಾವ ನಂಬರನ್ನು ಹುಡುಕುವ ಜಾಗದಲ್ಲಿ ಹಾಕಿದರು. ಏನೂ ಬರಲಿಲ್ಲ. ಅಳಿಸಿದವು ಬೀಳುವ ಬುಟ್ಟಿಯಲ್ಲಿ ನೋಡಿದರು. ಬುಟ್ಟಿ ಖಾಲಿ. ಗೊಂಚಲನ್ನು ಬಿಡಿಸಿ ಶನಿವಾರದ ಹದಿನೆಂಟು ಪತ್ರಗಳನ್ನು ಒಂದೊಂದಾಗಿ ತೆಗೆದರು. ನಾಲ್ಕು ಗಂಟೆಗೆ ಮುಂಚೆ ಒಂದು ಇತ್ತು, ಅಲ್ಲಿಂದ ನೇರ ನಾಲ್ಕು ಹತ್ತು.

“ಅಪ್ಪನೇ ಇಲ್ಲ,” ಎಂದರು. “ಯಾರೋ ಎತ್ತಿಬಿಟ್ಟಿದ್ದಾರೆ. ಆದ್ರೆ ಮಗನ ಹಣೆ ಮೇಲಿನ ಹೆಸರು ಅಳಿಸೋದು ಮರೆತಿದ್ದಾರೆ.”

ಕರಡಮ್ಮ ಕುರ್ಚಿಗೆ ಒರಗಿದಳು. ಅವಳ ಕಣ್ಣ ಮುಂದೆ ಶನಿವಾರದ ಸಂಜೆ ಜೋಡಣೆಯಾಗುತ್ತಿತ್ತು. ನಾಲ್ಕು ಐದಕ್ಕೆ ಯಾರೋ ಏನೋ ಕೇಳಿದರು, ಒಂದಕ್ಕಿಂತ ಹೆಚ್ಚಿದ್ದ ಏನೋ. ದೀಪದವನು ಫೋನಿನಲ್ಲಿ ಅದನ್ನು ಓದಿ, ಏಣಿ ಹತ್ತಿ, ನೋಡಿ, ಇಳಿದು, ಅದೇ ಪತ್ರಕ್ಕೆ ಉತ್ತರ ಬರೆದ. ಅಷ್ಟರಲ್ಲಿ ನಾಲ್ಕು ಹತ್ತಕ್ಕೆ ತಂತಿಯ ಪ್ರಶ್ನೆ, ಅವನ ಕಣ್ಣಿಗೆ ಬೀಳದೆ, ನಡುವೆ ಬಂದು ಕೂತಿತ್ತು. ಮೇಲಿನ ಪತ್ರವನ್ನು ಎತ್ತಿದ್ದೇ ತಡ, ಒಂದು ಪ್ರಶ್ನೆಯ ಉತ್ತರ ಇನ್ನೊಂದು ಪ್ರಶ್ನೆಗೆ ಅಂಟಿಕೊಂಡಿತು.

“ಆ ನಂಬರಿನ ಬಾಲದಲ್ಲಿ ಏನೋ ಇದೆಯಲ್ಲ ಭಾವ?”

“ಯಾವ ಕಂಪ್ಯೂಟರಿನಿಂದ ಹೊರಟಿತು ಅಂತ. ಕಚೇರಿ, ಒಂದು.”

“ಚಪ್ಪಲಿ ಹಾಕ್ಕೊಳ್ಳಿ,” ಎಂದಳು ಕರಡಮ್ಮ.

*

ರಂಗಮಂದಿರದ ಮುಂಬಾಗಿಲಿಗೆ ಬೀಗ. ಪಕ್ಕದ ಓಣಿಯ ಬಾಗಿಲಿನಿಂದ ಒಳಗೆ ಹೋದರೆ ಬಣ್ಣ, ಧೂಳು, ಹಳೆಯ ಪರದೆಬಟ್ಟೆಯ ವಾಸನೆ. ರಂಗದ ಮೇಲೆ ಪೊಲೀಸರು ಕಟ್ಟಿದ ಹಗ್ಗದೊಳಗೆ ಹಲಗೆಯ ಚಂದ್ರ ಮಗುಚಿಕೊಂಡು ಬಿದ್ದಿತ್ತು. ಬೆಳ್ಳಿಬಣ್ಣ ಹಚ್ಚಿದ್ದು ಮುಂಭಾಗಕ್ಕೆ ಮಾತ್ರ. ಬೆನ್ನಿನಲ್ಲಿ ಬರೀ ಮರ, ಮೊಳೆ. ಭಾವ ಮೇಲೆ ಕತ್ತಲಲ್ಲಿ ಅಡಗಿದ್ದ ರಾಟೆಗಳನ್ನು ನೋಡುತ್ತ ನಿಂತುಬಿಟ್ಟರು. ಅವರನ್ನು ತೋಳು ಹಿಡಿದು ಎಳೆಯಬೇಕಾಯಿತು.

ಮ್ಯಾನೇಜರನ ಕೋಣೆ ಟಿಕೆಟ್ ಕಿಟಕಿಯ ಹಿಂದೆ. ಗೋಡೆಗೆ ಕೀಲಿಗಳ ಹಲಗೆ, ಪ್ರತಿ ಕೊಕ್ಕೆಗೂ ಹೆಸರಿನ ಚೀಟಿ. ಪೆನ್ಸಿಲುಗಳು ಉದ್ದದ ಪ್ರಕಾರ ಸಾಲಾಗಿದ್ದವು. ಮನುಷ್ಯನೂ ಹಾಗೆಯೇ, ಇಸ್ತ್ರಿ ಹಾಕಿಟ್ಟಂತಿದ್ದ. ಕಣ್ಣ ಕೆಳಗಿನ ಕಪ್ಪು ಮಾತ್ರ ಇಸ್ತ್ರಿಗೆ ಬಗ್ಗಿರಲಿಲ್ಲ.

“ಇರೋದನ್ನೆಲ್ಲ ಪೊಲೀಸರಿಗೆ ಕೊಟ್ಟಾಗಿದೆ ಮೇಡಂ,” ಎಂದ, ಅವರು ಕೂರುವ ಮುಂಚೆಯೇ.

“ಇರೋದನ್ನ ಕೊಟ್ಟಿದ್ದೀರಿ. ನಾನು ಇಲ್ಲದ್ದನ್ನ ಕೇಳೋಕೆ ಬಂದೆ.”

ಅವನು ಪೆನ್ಸಿಲೊಂದನ್ನು ಎತ್ತಿ ಅದೇ ಜಾಗದಲ್ಲಿ ಇಟ್ಟ.

“ಶನಿವಾರ ಸಂಜೆ ನಾಲ್ಕು ಗಂಟೆ ಐದು ನಿಮಿಷಕ್ಕೆ, ಈ ಮೇಜಿನ ಮೇಲಿರೋ ಕಂಪ್ಯೂಟರಿನಿಂದ ನೀವು ಒಂದು ಪತ್ರ ಕಳಿಸಿದ್ರಿ. ಅದರಲ್ಲಿ ಏನಿತ್ತು?”

“ದಿನಕ್ಕೆ ಎಷ್ಟೋ ಬರೀತೀನಿ.”

“ದೀಪದವರೂ ಅದನ್ನೇ ಹೇಳಿದ್ರು. ಅವರ ಮಾತನ್ನ ಪೊಲೀಸರು ನಂಬಲಿಲ್ಲ, ನಿಮ್ಮದನ್ನ ನಾನು ಯಾಕೆ ನಂಬಲಿ?”

ಮ್ಯಾನೇಜರ್ ಭಾವನ ಕಡೆ ನೋಡಿದ, ಅಲ್ಲೇನಾದರೂ ಕರುಣೆ ಸಿಗುತ್ತದೆಯೇ ಎಂಬಂತೆ. ಭಾವ ಅವನ ಕಂಪ್ಯೂಟರಿನ ಹಿಂಬದಿಯ ತಂತಿಗಳನ್ನು ಬಗ್ಗಿ ನೋಡುತ್ತಿದ್ದರು.

“ಆ ಪತ್ರವನ್ನ ಯಾರೋ ಎಲ್ಲರ ಅಂಚೆಪೆಟ್ಟಿಗೆಯಿಂದಲೂ ಅಳಿಸಿದ್ದಾರೆ,” ಎಂದಳು ಕರಡಮ್ಮ. “ಆದ್ರೆ ದೀಪದವರ ಉತ್ತರ ಅದಕ್ಕೇ ಬರೆದದ್ದು ಅನ್ನೋಕೆ ಗುರುತು ಉಳಿದಿದೆ. ನಾಳೆ ನ್ಯಾಯಾಧೀಶರ ಮುಂದೆ ನಮ್ಮ ಭಾವ ಆ ಗುರುತು ಓದಿ ಹೇಳ್ತಾರೆ. ಆಗ ಪೊಲೀಸರು ನಿಮ್ಮನ್ನೇ ಕೇಳ್ತಾರೆ, ಅಳಿಸಿದ್ದು ಯಾರು ಅಂತ.”

“ನಾನಲ್ಲ.” ಅವನ ದನಿ ತೀರ ಸಣ್ಣದಾಗಿತ್ತು. “ಎಲ್ಲರ ಅಂಚೆಯೂ ಈ ಒಂದು ಯಂತ್ರದಲ್ಲೇ ಇರೋದು. ಗುಪ್ತಪದ ಇಲ್ಲೇ ಇದೆ, ನೋಡಿ.” ಪರದೆಯ ಅಂಚಿಗೆ ಅಂಟಿಸಿದ ಹಳದಿ ಚೀಟಿಯನ್ನು ತೋರಿಸಿದ. “ಯಾರು ಬೇಕಾದ್ರೂ ಕೂತು ಏನು ಬೇಕಾದ್ರೂ ಅಳಿಸಬಹುದು.”

“ಗುಪ್ತವಾಗಿ ಇಟ್ಟಿದ್ದೀರಿ,” ಎಂದರು ಭಾವ.

“ಪತ್ರದಲ್ಲಿ ಏನಿತ್ತು?” ಕರಡಮ್ಮ ಮತ್ತೆ ಕೇಳಿದಳು.

ಅವನು ಪೆನ್ಸಿಲುಗಳ ಸಾಲನ್ನು ಬೆರಳಿನಿಂದ ಮತ್ತೆ ನೇರ ಮಾಡಿದ.

“ನೀಲಿ ದೀಪ,” ಎಂದ ಅವನು. “ಎರಡು ನೀಲಿ ದೀಪ ಮಿನುಗ್ತಿದ್ವು. ನೋಡಿ, ಬಳಸಬಹುದಾ ಅಂತ ಕೇಳಿದ್ದೆ. ಐದು ನಿಮಿಷ ಬಿಟ್ಟು ತಂತಿ ನೆನಪಾಯ್ತು, ಅದಕ್ಕೆ ಇನ್ನೊಂದು ಬರೆದೆ.”

“ದೀಪಗಳು. ಸರಿಯಾಗಿವೆ,” ಎಂದಳು ಕರಡಮ್ಮ, ತನಗೆ ತಾನೇ.

“ಅವತ್ತು ನಾನೂ ತಪ್ಪಾಗೇ ಓದಿಕೊಂಡೆ ಮೇಡಂ. ಮೇಲೆ ತಂತಿ ಪ್ರಶ್ನೆ, ಅದರ ಕೆಳಗೇ ‘ಸರಿಯಾಗಿವೆ, ಬಳಸಬಹುದು’. ಗಡಿಬಿಡಿಯಲ್ಲಿದ್ದೆ. ತಂತಿಗೇ ಹೇಳ್ತಿದ್ದಾರೆ ಅಂದುಕೊಂಡು ಚಂದ್ರನನ್ನ ಇಳಿಸಿ ಅಂದೆ. ಅಪ್ಪಣೆ ಕೊಟ್ಟೋನು ನಾನು.” ಅವನು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. “ಭಾನುವಾರ ಪೊಲೀಸರ ಮುಂದೆ ಪೆಟ್ಟಿಗೆ ತೆರೆದಾಗ ನೀಲಿ ದೀಪದ ಪತ್ರ ಇರಲೇ ಇಲ್ಲ. ಆಗ ಹೊಳೀತು, ಎಂಥ ತಪ್ಪಾಯ್ತು ಅಂತ. ಬಾಯಿ ಬಿಡಬೇಕು ಅಂದುಕೊಂಡೆ. ಬಿಟ್ರೆ, ತಂತಿಯ ಪ್ರಶ್ನೆಗೆ ಉತ್ತರ ಬರೋ ಮುಂಚೆ ಆ ಹುಡುಗಿಯನ್ನ ಮೇಲೆ ಕೂರಿಸಿದೋನು ನಾನಾಗ್ತೀನಿ.”

“ಅದಕ್ಕೆ ದೀಪದವರನ್ನ ಕಳಿಸಿದ್ರಿ.”

ಕರಡಮ್ಮನಿಗೆ ಅವನ ಮೇಲೆ ಸಿಟ್ಟು ಬಂತು. ಅದರ ಹಿಂದೆಯೇ, ತಾನೂ ಒಂದು ಕಾಲಕ್ಕೆ ಯಾರದೋ ಶ್ರದ್ಧಾಂಜಲಿಯ ಕೆಳಗೆ ಇನ್ಯಾರದೋ ಫೋಟೋ ಹೋಗಲು ಬಿಟ್ಟದ್ದು, ಮರುದಿನ ಪುಟ ಕಟ್ಟಿದವನ ಕಡೆ ಬೆರಳು ತೋರಿಸಿದ್ದು ನೆನಪಾಗಿ ಸಿಟ್ಟು ಅರ್ಧಕ್ಕೇ ನಿಂತಿತು.

“ಇದನ್ನ ಬರೆದು ಕೊಡ್ತೀರಾ?”

ಅವನು ನಿಧಾನವಾಗಿ ತಲೆಯಾಡಿಸಿ ಹಾಳೆಗೆ ಕೈ ಚಾಚಿದ. ಅಷ್ಟರಲ್ಲಿ ಕಂಪ್ಯೂಟರ್ ‘ಟಿಣ್’ ಎಂದಿತು.

ಮೂವರೂ ಪರದೆಯ ಕಡೆ ನೋಡಿದರು. ‘ಇವತ್ತಿನ ಪ್ರದರ್ಶನ’ ಎಂಬ ಸಾಲು ದಪ್ಪಗಾಗಿತ್ತು. ಪಕ್ಕದ ಸಂಖ್ಯೆ ಇನ್ನೂರ ಹದಿನಾಲ್ಕು ಹೋಗಿ ಇನ್ನೂರ ಹದಿನೈದಾಗಿತ್ತು.

“ನಾಲ್ಕು ದಿನದಿಂದ ಪ್ರದರ್ಶನವೇ ಇಲ್ಲ,” ಎಂದ ಮ್ಯಾನೇಜರ್.

ಭಾವ ಗೊಂಚಲನ್ನು ತೆರೆದು ಕೆಳಗಿನವರೆಗೂ ಸರಿಸಿದರು. ಕಡೆಯಲ್ಲಿದ್ದದ್ದು ಶನಿವಾರ ಆರು ಗಂಟೆಯ ಹಳೆಯ ಪತ್ರವೇ. ಹೊಸದು ಎಲ್ಲೂ ಇಲ್ಲ.

“ಎಣಿಕೆ ಹೆಚ್ಚಾಗಿದೆ, ಪತ್ರ ಇಲ್ಲ. ಇದೇನು ಕಥೆ?”

“ಕೆಳಗೆ ಯಾಕೆ ಹುಡುಕ್ತೀರಿ ಭಾವ?” ಕರಡಮ್ಮ ಎದ್ದು ನಿಂತಿದ್ದಳು. “ಬಂದ ಹೊತ್ತಲ್ಲ, ಬರೆದ ಹೊತ್ತಿನ ಪ್ರಕಾರ ಜೋಡಿಸೋದಾದ್ರೆ? ಮೇಲಕ್ಕೆ ಹೋಗಿ. ಶನಿವಾರಕ್ಕೆ. ನಾಲ್ಕು ಗಂಟೆಗೆ.”

ಅಲ್ಲಿತ್ತು. ತಂತಿಯ ಪ್ರಶ್ನೆಗೂ ದೀಪದವನ ಉತ್ತರಕ್ಕೂ ನಡುವೆ, ಇಷ್ಟು ದಿನ ಏನೂ ಇಲ್ಲದ ಜಾಗದಲ್ಲಿ, ಒಂದು ದಪ್ಪ ಸಾಲು ನುಸುಳಿ ಕೂತಿತ್ತು. ಬರೆದ ಹೊತ್ತು ನಾಲ್ಕು ಇಪ್ಪತ್ತು. ಕಳಿಸಿದವರ ಹೆಸರು ನೋಡಿ ಮ್ಯಾನೇಜರ್ ಮೇಜಿನ ಅಂಚನ್ನು ಹಿಡಿದುಕೊಂಡ. ಅದು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ ನಟಿಯ ಹೆಸರು.

“ಅವಳ ಫೋನ್ ಶನಿವಾರದಿಂದ ಕಾಣೆ,” ಎಂದ. “ಪೊಲೀಸರೂ ಹುಡುಕಿ ಸುಸ್ತಾಗಿದ್ದಾರೆ.”

ಭಾವ ಪತ್ರವನ್ನು ತೆರೆದರು. ಅದು ಮ್ಯಾನೇಜರನೊಬ್ಬನಿಗೇ ಬರೆದದ್ದು.

‘ದೀಪದ ವಿಷಯ ಹಾಗಿರಲಿ. ಮಧ್ಯಾಹ್ನ ಚಂದ್ರನ ತಂತಿಗೆ ಹೊಸ ಕೊಂಡಿ ಹಾಕುತ್ತಿದ್ದದ್ದನ್ನು ನಾನು ನೋಡಿದೆ. ನಿಮಗೆ ತಿಳಿಸಿಯೇ ಹಾಕಿದರೇ? ಆಟ ಮುಗಿದ ಮೇಲೆ ನಿಮ್ಮ ಕೋಣೆಗೆ ಬಂದು ಯಾರೆಂದು ಹೇಳುತ್ತೇನೆ.’

ಅದರ ಕೆಳಗೆ, ಉತ್ತರಗಳ ಕೆಳಗೆ ಇರುವಂತೆ, ಮೂಲ ಪತ್ರ ಪೂರ್ತಿ ಅಂಟಿಕೊಂಡಿತ್ತು. ‘ಎರಡು ನೀಲಿ ದೀಪಗಳು ಮಿನುಗುತ್ತಿವೆ. ಸರಿಯಾಗಿವೆಯೇ? ಇವತ್ತು ಬಳಸಬಹುದೇ?’ ನಾಲ್ಕು ಗಂಟೆ ಐದು ನಿಮಿಷ.

“ಸಿಕ್ತು,” ಎಂದರು ಭಾವ. “ಅಪ್ಪ ಸಿಕ್ಕಿದ. ಯಾರು ಅಳಿಸಿದ್ರೂ ಅವಳ ಫೋನಿನಲ್ಲಿ ಪ್ರತಿ ಉಳಿದಿತ್ತು. ರಂಗದ ಹಿಂದೆ ಸಿಗ್ನಲ್ ಸಿಗದೆ ಈ ಪತ್ರ ಹೊರಡಲೇ ಇಲ್ಲ. ಆಮೇಲೆ ಫೋನ್ ಆರಿಹೋಗಿದೆ. ಈಗ ಯಾರೋ ಅದಕ್ಕೆ ಜೀವ ಕೊಟ್ಟಿದ್ದಾರೆ.”

“ಕೊಂಡಿ ಬದಲಾಯಿಸಿ ಅಂತ ನಾನು ಯಾರಿಗೂ ಹೇಳಿಲ್ಲ,” ಎಂದ ಮ್ಯಾನೇಜರ್.

“ಅವಳ ನಂಬರ್ ಹೇಳಿ.”

ಕರಡಮ್ಮ ಮೇಜಿನ ಮೇಲಿನ ಫೋನನ್ನು ಹತ್ತಿರ ಎಳೆದು, ಅವನು ಹೇಳಿದ ಅಂಕಿಗಳನ್ನು ಒಂದೊಂದಾಗಿ ಒತ್ತಿದಳು. ಆ ಕಡೆ ಗಂಟೆ ಹೊಡೆಯಿತು. ಒಂದು. ಎರಡು. ಮೂರನೆಯದಕ್ಕೆ ಯಾರೋ ಎತ್ತಿದರು.

“ಹಲೋ? ಯಾರು ಬೇಕಿತ್ತು?”

ಆ ದನಿಯನ್ನು ಅವಳು ಬೆಳಗ್ಗೆಯಷ್ಟೇ ಕೇಳಿದ್ದಳು, ತನ್ನದೇ ಕೋಣೆಯಲ್ಲಿ, ಬೆಂಚಿನ ತುದಿಯಿಂದ.

“ನಾನು, ಕರಡಮ್ಮ. ಈ ಫೋನ್ ನಿಮ್ಮ ಹತ್ತಿರ ಹೇಗೆ ಬಂತು?”

“ಅಮ್ಮ, ನೀವಾ.” ದೀಪದವನ ಹೆಂಡತಿ ಉಸಿರು ಬಿಟ್ಟದ್ದು ಕೇಳಿಸಿತು. “ಯಾರದ್ದೋ ಗೊತ್ತಿಲ್ಲಮ್ಮ. ಪೊಲೀಸರು ಇವರ ಹತಾರ ನೋಡ್ಬೇಕು ಅಂದಿದ್ರಲ್ಲ, ಪೆಟ್ಟಿಗೆ ಹೊರಗೆ ತೆಗೆದೆ. ತಳದಲ್ಲಿ ಬಟ್ಟೆ ಸುತ್ತಿ ಇಟ್ಟಿತ್ತು. ಯಾರದ್ದು ಅಂತ ನೋಡೋಣ ಅಂತ ಚಾರ್ಜಿಗೆ ಹಾಕಿದೆ.”

ಕರಡಮ್ಮ ಪರದೆಯ ಮೇಲಿನ ಪತ್ರವನ್ನು ನೋಡಿದಳು. ದೀಪದವನನ್ನು ಬಿಡಿಸುವ ಪತ್ರ, ಅವನ ಮನೆಯಿಂದಲೇ ಹೊರಟು ಬಂದಿತ್ತು.

“ಬಟ್ಟೆಯಲ್ಲಿ ಇನ್ನೇನಾದ್ರೂ ಇತ್ತಾ?”

“ಒಂದು ಕಬ್ಬಿಣದ ಕೊಂಡಿ, ತಂತಿಗೆ ಹಾಕ್ತಾರಲ್ಲ ಅಂಥದ್ದು. ಹಳೇದು.” ಆ ಕಡೆ ಯಾರೋ ಬಾಗಿಲು ತಟ್ಟಿದ ಸದ್ದು. ದನಿ ಇಳಿಯಿತು. “ಪೊಲೀಸರು ಬಂದ್ರು ಅಮ್ಮ. ಇವೆರಡನ್ನೂ ಅವರ ಕೈಗೆ ಕೊಟ್ಟುಬಿಡಲಾ?”